ಹೊಗೆರಾಯನ ಕವಲು ಕೊಳವೆ

ದೇವರು ಬೆಂಕಿಗೆ ಉರಿಯುವ ಗುಣ ಕೊಟ್ಟ, ನೀರಿಗೆ ಹರಿಯುವ ಗುಣ ಕೊಟ್ಟ, ಹೊಗೆಗೆ ಏನು ಕೊಡಲಿ ಎಂದು ಯೋಚಿಸುತ್ತಿರುವಾಗಲೇ ಅದು ಬೆರಳ ಸಂದಿಯಿಂದ ನುಸುಳಿ ಹೋಯಿತು. ಆ ಉಳಿದ ಕೆಲಸವನ್ನು ಭಗವಂತ ನನಗೆ ವಹಿಸಿದ್ದಾನೆ, ಎಂದು ನಮ್ಮ ಹೊಗೆರಾಯ ಹೇಳುತ್ತಿದ್ದ. ಇದರಲ್ಲಿ ಅಹಂಕಾರವೇನೂ ಇರಲಿಲ್ಲ. ಅವನು ನಿಜವಾಗಿಯೂ ಹಾಗೆ ನಂಬಿದ್ದ. ತಗಡು ಕತ್ತರಿಸಿ, ಬಗ್ಗಿಸಿ, ಅಡುಗೆಮನೆಗಳಿಗೂ ಬೇಕರಿಗಳಿಗೂ ಚಿಮಣಿ ಕೂರಿಸುವುದು ಅವನ ಕಸುಬು. ತಾಯಿತಂದೆ ಇಟ್ಟ ಹೆಸರು ಅವನಿಗೇ ಎಷ್ಟೋ ಸಲ ತಟ್ಟನೆ ನೆನಪಾಗುತ್ತಿರಲಿಲ್ಲ. ಊರಿಗೆಲ್ಲ ಅವನು ಹೊಗೆರಾಯನೇ.

ಅವನ ಅಣ್ಣ ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗುವವನು. ದಿನವಿಡೀ ತೂಗಿ ತೂಗಿ, ಮನೆಯಲ್ಲೂ ಮಾತನ್ನು ತೂಗಿಯೇ ಆಡುತ್ತಿದ್ದ. ಅಣ್ಣ, ಅತ್ತಿಗೆ, ಹೊಗೆರಾಯ, ಅವನ ಹೆಂಡತಿ: ಇಷ್ಟು ಜನ ಒಂದೇ ಮನೆಯಲ್ಲಿ, ಒಂದೇ ಕಬ್ಬಿಣದ ಒಲೆಯ ಮೇಲೆ ಬೇಯಿಸಿಕೊಂಡು ಹದಿನಾರು ವರ್ಷ ಕಳೆದಿದ್ದರು. ಇಂಥ ಮನೆಯನ್ನು ಒಡೆಯಲು ಏನು ಬೇಕು? ಒಂದು ಹಲ್ಲುನೋವು ಸಾಕು.

ಸೋಮವಾರ ಹೊಗೆರಾಯ ದವಡೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ. ಹೆದರಿಕೆಯಾದಾಗ ಮಾತು ಹೆಚ್ಚಾಗುವುದು ಅವನ ಸ್ವಭಾವ. ಡಾಕ್ಟರು ಸೂಜಿ ತುಂಬಿಕೊಳ್ಳುವಷ್ಟರಲ್ಲಿ ಅವನು ಶುರು ಮಾಡಿಯಾಗಿತ್ತು.

"ಹೊಗೆ ಅಂದ್ರೆ ನನಗೆ ಸಾಕಿದ ಬೆಕ್ಕಿನ ಥರ ಡಾಕ್ಟ್ರೇ. ಎಡಕ್ಕೆ ಹೋಗು ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಪ್ರಪಂಚದಲ್ಲಿ ಎಂಥ ಬಿಸಿಗಾಳಿ ಇದ್ರೂ ತಂದು ಕೊಡಿ, ಎಲ್ಲಿ ಬೇಕೋ ಅಲ್ಲಿಗೆ ಕಳಿಸ್ತೀನಿ."

ಡಾಕ್ಟರ ಕೈ ನಿಂತಿತು. ಅವರು ಹಲ್ಲು ಮರೆತು ರೋಗಿಯ ಮುಖವನ್ನೇ ನೋಡಿದರು. ಆಮೇಲೆ ಅವನ ಬಾಯಿಗೆ ಎರಡು ಉಂಡೆ ಹತ್ತಿ ತುರುಕಿ, ಕುರ್ಚಿಯ ಪಕ್ಕ ಕುಳಿತು, ನಾಲ್ಕು ವರ್ಷದಿಂದ ಯಾರಿಗೂ ಹೇಳದ ಕಥೆ ಹೇಳಿದರು.

ಅವರು ಮಾದರಿ ಜೆಟ್ ವಿಮಾನ ಕಟ್ಟುತ್ತಿದ್ದರು. ನೆಲದ ಮೇಲೆ ನಿಂತು ರೇಡಿಯೋ ಪೆಟ್ಟಿಗೆಯಿಂದ ಹಾರಿಸುವಂಥದು. ಉದ್ದ ಒಂದಾಳು. ಹೊಟ್ಟೆಯಲ್ಲಿ ನಿಜವಾದ ಟರ್ಬೈನ್ ಇಂಜಿನ್, ಸೋರೆಕಾಯಿ ಗಾತ್ರದ್ದು. ಆದರೆ ಅವರು ಆರಿಸಿಕೊಂಡ ವಿಮಾನಕ್ಕೆ ಇಂಜಿನ್ ಒಂದು, ಬಿಸಿಗಾಳಿ ಹೊರಬೀಳುವ ಬಾಯಿ ಎರಡು. ರೆಕ್ಕೆಗಳ ಹಿಂದೆ ಆಚೆಗೊಂದು ಈಚೆಗೊಂದು. ಒಂದು ಉಸಿರನ್ನು ಎರಡಾಗಿ ಸೀಳಿ ಕಳಿಸುವ ಕೊಳವೆ ಬೇಕು. ಎರಡು ಕಡೆಯೂ ಸಮ ಇರಬೇಕು, ಇಲ್ಲದಿದ್ದರೆ ವಿಮಾನ ಅಡ್ಡ ತಿರುಗುತ್ತದೆ. ಕೊಳವೆಗೆ ಎರಡು ಪದರ ಇರಬೇಕು, ನಡುವೆ ತಣ್ಣನೆ ಗಾಳಿ ಓಡಬೇಕು, ಇಲ್ಲದಿದ್ದರೆ ಬಾಲ ಸುಟ್ಟುಹೋಗುತ್ತದೆ. ಮೂರು ಸಲ ಮಾಡಿಸಿ ಮೂರು ಸಲವೂ ಬಾಲ ಸುಟ್ಟುಕೊಂಡಿದ್ದರು.

"ಮಾಡಿಕೊಡ್ತೀರಾ?"

"ಹ್ಞೂಂಹ್ಞೂಂ," ಎಂದ ಹೊಗೆರಾಯ. ಬಾಯಿ ತುಂಬ ಹತ್ತಿಯಿದ್ದುದರಿಂದ ಅದು ಒಪ್ಪಿಗೆಯೋ ನೋವೋ ತಿಳಿಯುವಂತಿರಲಿಲ್ಲ. ಡಾಕ್ಟರು ಒಪ್ಪಿಗೆ ಎಂದುಕೊಂಡರು.

"ಭಾನುವಾರ ಸಂಜೆ ಹಾರಿಸ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳ್ಬಾರದು. ಹೋದ ಸಲ ಊರಿಗೆಲ್ಲ ಹೇಳಿ ಮೈದಾನಕ್ಕೆ ಕರೆದೆ. ವಿಮಾನ ಮೇಲೇಳಲಿಲ್ಲ. ಈಗಲೂ ಹಲ್ಲು ಕೀಳಿಸ್ಕೊಳ್ಳೋರು, ಅರವಳಿಕೆ ಕೊಡೋಕೆ ಮುಂಚೆ ಆ ವಿಷಯ ಕೇಳಿ ನಗ್ತಾರೆ. ದೇವರ ಮೇಲೆ ಆಣೆ ಇಡಿ."

ಹೊಗೆರಾಯ ಹತ್ತಿ ತೆಗೆಸಿಕೊಂಡು ಆಣೆ ಇಟ್ಟ. ಅವನು ದೇವರಿಗೆ ಹೆದರುವ ಮನುಷ್ಯ. ಆಣೆಯನ್ನು ಹೆಂಡತಿಯ ಎದುರೂ ಮುರಿಯಲಿಲ್ಲ. ಮುರಿದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು.

ಮಂಗಳವಾರ ಅವನ ಅಂಗಿ ಒಗೆಯಲು ಹೋದಾಗ ಅತ್ತಿಗೆಯ ಕೈಗೆ ಜೇಬಿನಿಂದ ಒಂದು ಕಾಗದ ಸಿಕ್ಕಿತು. ಬಿಡಿಸಿ ನೋಡಿದರೆ ಚಿತ್ರ. ಕೆಳಗೆ ಒಂದು ಬಾಯಿ, ಮೇಲೆ ಕವಲೊಡೆದು ಎರಡು ಕೊಳವೆ. ಚಿಮಣಿ ಮಾಡುವವನು ಬರೆದ ಚಿತ್ರ ಚಿಮಣಿಯಲ್ಲದೆ ಇನ್ನೇನಾಗಿರುತ್ತದೆ? ಪಕ್ಕದಲ್ಲಿ ಮೈದುನನ ದುಂಡು ಅಕ್ಷರ: "ನಡುವಿನ ಗೋಡೆ ಗಟ್ಟಿಯಾಗಿರಬೇಕು. ಎರಡೂ ಕಡೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಒಂದರ ಬಿಸಿ ಇನ್ನೊಂದಕ್ಕೆ ತಟ್ಟಬಾರದು. ಭಾನುವಾರದೊಳಗೆ ಮುಗಿಯಬೇಕು. ಅಲ್ಲಿಯವರೆಗೆ ಯಾರಿಗೂ ಹೇಳಬಾರದು."

ಅತ್ತಿಗೆ ಒದ್ದೆ ಅಂಗಿಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಬಂದಳು.

"ಇದೇನಮ್ಮಾ ಇದು?" ಎಂದು ಓರಗಿತ್ತಿಯ ಮುಂದೆ ಕಾಗದ ಹಿಡಿದಳು.

ಹೊಗೆರಾಯನ ಹೆಂಡತಿ ಓದಿದಳು. ಇನ್ನೊಂದು ಸಲ ಓದಿದಳು. ಕಣ್ಣು ತುಂಬಿಕೊಂಡಿತು. "ಅಕ್ಕಾ, ನಿಮ್ಮ ಪಾದದಾಣೆ ನನಗೆ ಗೊತ್ತಿಲ್ಲ. ಮನೆ ಬೇರೆ ಮಾಡ್ಬೇಕು ಅಂತ ಇವರು ಒಂದು ದಿನಾನೂ ಅಂದೋರಲ್ಲ."

"ನೀನು ಅಂದಿದೀಯ ಅಂತ ನಾನು ಹೇಳಿದ್ನಾ? ಅಳಬೇಡ. ಎರಡು ಒಲೆ ಹಾಕೋಕೆ ಚಿಮಣಿ ಬರೀತಿದಾನೆ. ನಡುವೆ ಗೋಡೆ ಬೇರೆ. ನನ್ನ ಬಿಸಿ ಅವನಿಗೆ ತಟ್ಟಬಾರದಂತೆ! ಹದಿನಾರು ವರ್ಷ ಬಿಸಿಬಿಸಿ ಬಡಿಸಿದ್ದಕ್ಕೆ!"

ಇಬ್ಬರೂ ಒಟ್ಟಿಗೆ ಕೂತು ಅತ್ತರು. ಆ ದಿನದ ಅಡುಗೆಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು ಎಂದು ಹೊಗೆರಾಯ ಮಾತ್ರ ಗಮನಿಸಿದ. ಅದೇನು ಮಾಡ್ತಿದೀರಿ ಎಂದು ಹೆಂಡತಿ ಕೇಳಿದ್ದಕ್ಕೆ, ಆಣೆಯನ್ನು ನೆನೆದು, "ಭಾನುವಾರ ಎಲ್ಲಾ ಗೊತ್ತಾಗುತ್ತೆ ಕಣೇ. ಅಣ್ಣಂಗೂ ತುಂಬಾ ಸಂತೋಷ ಆಗುತ್ತೆ ನೋಡ್ತಿರು," ಎಂದ.

ಅಣ್ಣನಿಗೆ ವಿಷಯ ತಿಳಿದಾಗ ಅವನು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಮನಸ್ಸಿನಲ್ಲೇ ತೂಗುತ್ತಿದ್ದ. ಕೊನೆಗೆ, "ಅವನಾಗಿ ಬಾಯಿ ಬಿಡೋವರೆಗೆ ಯಾರೂ ಕೇಳಬೇಡಿ," ಎಂದ. ಊಟಕ್ಕೆ ಕೂತಾಗ ತನ್ನ ಎಲೆಯಲ್ಲಿದ್ದ ರೊಟ್ಟಿಯ ದೊಡ್ಡ ತುಂಡನ್ನು ತೆಗೆದು ತಮ್ಮನಿಗೆ ಬಡಿಸಿದ. ಹೊಗೆರಾಯ ಅದನ್ನೂ ತಿಂದ.

ಈಗ ಕಸುಬಿನ ಒಂದು ಪದ್ಧತಿ ಹೇಳಬೇಕು. ಹೊಗೆರಾಯನ ಕೈಗೆ ಅಭ್ಯಾಸವಿದ್ದದ್ದು ಅಡುಗೆಮನೆಯ ಅಳತೆ. ಡಾಕ್ಟರು ಕೇಳಿದ್ದು ಎರಡು ಬೆರಳು ತೂರುವಷ್ಟು ಸಣ್ಣ ಕೊಳವೆಗಳು. ಹೊಸ ಆಕಾರ ಯಾವುದೇ ಬಂದರೂ ಅವನು ಮೊದಲು ಹಳೇ ತಗಡಿನಲ್ಲಿ ಚಿಮಣಿ ಗಾತ್ರಕ್ಕೆ ಒಂದು ಮಾಡಿ ನೋಡುತ್ತಿದ್ದ. ಕೈಗೆ ದೊಡ್ಡದು ಅರ್ಥವಾದರೆ ಸಣ್ಣದು ತಾನಾಗಿ ಬರುತ್ತದೆ ಎಂಬುದು ಅವನ ಶಾಸ್ತ್ರ. ಹಾಗೆ ಬುಧವಾರ ಎದೆಯೆತ್ತರದ ಕವಲು ಕೊಳವೆ ತಯಾರಾಯಿತು. ಅಂಗಡಿಯಲ್ಲಿ ಜಾಗವಿರಲಿಲ್ಲ. ಸೈಕಲ್ಲಿಗೆ ಕಟ್ಟಿಕೊಂಡು ನಡುಹಗಲಲ್ಲೇ ಮನೆಗೆ ತಂದ.

ಎದುರು ಮನೆಯ ಟೈಲರಮ್ಮ ಹೊಲಿಗೆ ಯಂತ್ರವನ್ನು ಕಿಟಕಿಗೆ ಎದುರಾಗಿ ಇಟ್ಟುಕೊಂಡವಳು. ಬೀದಿಯಲ್ಲಿ ಏನು ಹೋದರೂ ಒಂದು ಹೊಲಿಗೆ ತಪ್ಪುತ್ತಿತ್ತು. ಅಂದು ಒಂದು ತೋಳೇ ತಪ್ಪಿಹೋಯಿತು.

"ಎರಡು ಬಾಯಿ ಚಿಮಣಿ! ಕಣ್ಣಾರೆ ಕಂಡೆ!" ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳಿದಳು. "ಇನ್ನು ಎರಡು ಒಲೆ, ಎರಡು ಬಾಗಿಲು. ಪಾಪ, ಆ ಹಿರಿಯ ಸೊಸೆ ಮೊನ್ನೆ ತಾನೇ ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ರವಿಕೆ ಹೊಲಿಸಿದ್ಲು."

ಹೊಗೆರಾಯ ಹಿತ್ತಲಲ್ಲಿ ಕೊಳವೆ ನಿಲ್ಲಿಸಿ ದೂರ ನಿಂತು ನೋಡಿದ. ಒಂದು ಕವಲು ಎಡಕ್ಕೆ ಬಾಗಿತ್ತು. ಇನ್ನೊಂದೂ ಎಡಕ್ಕೇ ಬಾಗಿತ್ತು. ಒಂದೇ ಕಾಗದದ ಅಚ್ಚಿಟ್ಟು ಎರಡು ತುಂಡು ಕತ್ತರಿಸಿದ್ದ. ಎರಡನೆಯದಕ್ಕೆ ಅಚ್ಚನ್ನು ಮಗುಚಿ ಇಡಲು ಮರೆತಿದ್ದ. ಎರಡೂ ಎಡಗಾಲಿನ ಚಪ್ಪಲಿ ಹೊಲಿದಂತಾಗಿತ್ತು.

"ಎರಡೂ ಎಡಕ್ಕೇ ಬಂತಲ್ಲಾ..." ಎಂದು ಗೊಣಗಿಕೊಂಡು, ಅಚ್ಚನ್ನು ಎತ್ತಿಕೊಂಡು ಅಂಗಡಿಗೆ ಓಡಿದ. ಕೊಳವೆ ಅಲ್ಲೇ ಉಳಿಯಿತು.

ಅತ್ತಿಗೆ ಕಿಟಕಿಯಿಂದ ನೋಡಿದಳು, ಊಟಕ್ಕೆ ಮನೆಗೆ ಬಂದಿದ್ದ ಗಂಡನನ್ನೂ ಕರೆದಳು. ಎಡಗಡೆ ಇದ್ದದ್ದು ಹೊಗೆರಾಯನ ಕೋಣೆ.

"ನೋಡಿದ್ರಾ? ಎರಡು ಬಾಯೀನೂ ತನ್ನ ಕಡೆಗೇ ಇಟ್ಕೊಂಡಿದಾನೆ!"

"ಇಟ್ಕೊಳ್ಳಲಿ," ಎಂದ ಅಣ್ಣ. ಆ ಒಂದು ಮಾತು ಎಷ್ಟು ಭಾರವಿತ್ತೆಂದರೆ, ಅದನ್ನು ಯಾವ ಅಂಚೆಯವರೂ ತೆಗೆದುಕೊಳ್ಳುತ್ತಿರಲಿಲ್ಲ.

ಗುರುವಾರ ಸೋದರಮಾವ ಬಂದ. ಕರೆದವರು ಯಾರೂ ಇಲ್ಲ, ಸುದ್ದಿಯೇ ಕರೆದಿತ್ತು. ನೆಂಟರ ಪೈಕಿ ಯಾರ ಮನೆ ಒಡೆಯುವುದಿದ್ದರೂ ನಡುವೆ ಕೂತು ಮಾತಾಡುವವನು ಅವನೇ. ಅವನು ಮಾತಾಡಿದ ಮೇಲೆ ಒಡೆಯದೆ ಉಳಿದ ಮನೆ ಇರಲಿಲ್ಲ. ನೇರ ಅಂಗಡಿಗೆ ಹೋಗಿ ತಗಡಿನ ರಾಶಿಯ ಮೇಲೆ ಕೂತ.

"ನನ್ನ ಹತ್ರ ಮುಚ್ಚಿಡಬೇಡ ಕಣೋ. ಎಲ್ಲಾ ಗೊತ್ತಾಗಿದೆ."

ಹೊಗೆರಾಯ ಸುತ್ತಿಗೆ ಕೆಳಗಿಟ್ಟ. "ಗೊತ್ತಾಗಿದೆಯಾ? ಅಣ್ಣಂಗೂ?"

"ಅಣ್ಣಂಗೂ, ಅತ್ತಿಗೇಗೂ, ಬೀದಿಗೂ."

ಹೊಗೆರಾಯನ ಎದೆಯ ಮೇಲಿನ ಕಲ್ಲು ಇಳಿಯಿತು. ಆಣೆ ತಾನು ಮುರಿದದ್ದಲ್ಲ. "ಅಬ್ಬಾ, ಒಳ್ಳೇದಾಯ್ತು! ಡಾಕ್ಟರೇ ಹೇಳಿರ್ಬೇಕು. ಅವರೇ ತಾನೇ ಮಾವ ಇದನ್ನೆಲ್ಲ ಮಾಡಿಸ್ತಿರೋದು."

"ಯಾವ ಡಾಕ್ಟರು?"

"ಹಲ್ಲಿನ ಡಾಕ್ಟರು."

ಮಾವ ತಲೆಯ ಮೇಲೆ ಕೈ ಇಟ್ಟುಕೊಂಡ. "ಹಲ್ಲು ಕೀಳೋದು ಬಿಟ್ಟು ಅವನಿಗ್ಯಾಕೋ ಈ ಉಸಾಬರಿ? ಇರಲಿ. ಒಟ್ಟಿಗಿದ್ರೆ ನಿಂಗೇನು ಕಷ್ಟ?"

"ಒಟ್ಟಿಗೇ ಬಿಟ್ರೆ ಬಾಲ ಸುಟ್ಟು ಹೋಗುತ್ತೆ ಮಾವ."

"ಯಾರ ಬಾಲ?"

"ಡಾಕ್ಟರದ್ದು. ಆಗಲೇ ಮೂರು ಸಲ ಸುಟ್ಟಿದೆ."

ಮಾವ ನಿಧಾನವಾಗಿ ಎದ್ದ. ನಿಧಾನವಾಗಿಯೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲು ದಾಟಿದ. ಮನೆಗೆ ಬಂದು, "ಭಾಗ ಮಾಡೋದನ್ನ ತಡ ಮಾಡಬೇಡಿ. ಹುಡುಗನ ತಲೇಲಿ ಏನೋ ಹೊಕ್ಕಿದೆ. ಡಾಕ್ಟರಿಗೆ ಬಾಲ ಇದೆ ಅಂತಾನೆ," ಎಂದು ಹೇಳಿ, ಪುರಸಭೆಯ ಅಳತೆಗಾರನಿಗೆ ಭಾನುವಾರ ಬೆಳಿಗ್ಗೆ ಬರುವಂತೆ ಹೇಳಿ ಕಳಿಸಿದ.

ಎಲ್ಲರಿಗೂ ತಿಳಿದಿದೆ ಎಂದು ತಿಳಿದ ಹೊಗೆರಾಯನಿಗೆ ಈಗ ಸಂಕೋಚವಿರಲಿಲ್ಲ. ಶನಿವಾರ ಸಂಜೆ ಅಣ್ಣನ ಮುಂದೆ ನಿಂತು ತಲೆ ಕೆರೆದುಕೊಂಡ.

"ಅಣ್ಣಾ, ನಾಳೆ ಬೆಳಿಗ್ಗೆ ಹಿತ್ತಲು ನನಗೆ ಬೇಕು."

"ತಗೋ."

"ಮತ್ತೆ... ನಿನ್ನ ಹತ್ರ ಹಳೇ ಸ್ಪ್ರಿಂಗ್ ತಕ್ಕಡಿ ಎರಡು ಇವೆಯಲ್ಲ, ಗುಜರಿಗೆ ಹಾಕ್ತಾರೆ ಅಂತ ಕೇಳಿ ತಂದಿದ್ದೆಯಲ್ಲ, ಅವೂ ಬೇಕು. ಎರಡು ಕಡೆಯೂ ಸಮ ಇದೆಯಾ ಅಂತ ತೂಗಿ ನೋಡ್ಬೇಕು. ಕಣ್ಣಂದಾಜು ಸಾಲದು."

ಅಣ್ಣ ತಮ್ಮನ ಮುಖ ನೋಡಿದ. ಇವನಿಗೆ ಮೂರು ವರ್ಷವಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದ್ದು ನೆನಪಾಯಿತೋ ಏನೋ. "ಪಾತ್ರೆ ಪಗಡೆ ತೂಗೋದು ಬೇಡ ಕಣೋ. ನಿನಗೆ ಯಾವುದು ಬೇಕೋ ತಗೊಂಡ್ಬಿಡು," ಎಂದ.

"ಅಯ್ಯೋ, ಪಾತ್ರೆಯಿಂದ ಏನೂ ಆಗಲ್ಲಣ್ಣ, ತಕ್ಕಡೀನೇ ಬೇಕು," ಎಂದ ಹೊಗೆರಾಯ.

ಅಣ್ಣ ಅಟ್ಟ ಹತ್ತಿ ತಕ್ಕಡಿಗಳನ್ನು ಇಳಿಸಿದ. ಧೂಳು ಒರೆಸಿದ. ಒರೆಸುತ್ತ ಒಂದೆರಡು ಸಲ ಕಣ್ಣನ್ನೂ ಒರೆಸಿಕೊಂಡ. ಧೂಳು ಬಹಳವಿತ್ತು.

ಭಾನುವಾರ ಬೆಳಿಗ್ಗೆ ಹೊಗೆರಾಯ ಡಾಕ್ಟರನ್ನು ಕರೆತರಲು ಹೋಗಿದ್ದಾಗ ಮನೆಯಲ್ಲಿ ಭಾಗದ ಕೆಲಸ ಶುರುವಾಯಿತು. ಅಳತೆಗಾರ ಟೇಪು ಹಿಡಿದು, ನಡುಮನೆಯಿಂದ ಹಿತ್ತಲವರೆಗೆ ಸೀಮೆಸುಣ್ಣದ ಗೆರೆ ಎಳೆದ. ಗೆರೆ ಅಡುಗೆಮನೆಯ ಒಲೆಯ ನಡುವೆಯೇ ಹಾದುಹೋಯಿತು.

"ಒಲೆಯನ್ನ ಯಾರ ಲೆಕ್ಕಕ್ಕೆ ಬರೀಲಿ?" ಎಂದು ಕೇಳಿದ.

"ಅಡುಗೆಮನೆ ಅವನಿಗೇ ಇರಲಿ," ಎಂದ ಅಣ್ಣ. "ನಾವು ಹಿಂದಿನ ಪಡಸಾಲೆಯಲ್ಲಿ ಬೇರೆ ಒಲೆ ಹಾಕ್ಕೊಂಡಿದೀವಿ."

ಹಾಕಿಕೊಂಡಿದ್ದರು ನಿಜ. ಆ ಹೊಸ ಒಲೆಯನ್ನು ಇಬ್ಬರು ಓರಗಿತ್ತಿಯರು ಸೇರಿ ಹೊತ್ತು ತಂದು, ಸೇರಿಯೇ ಹಚ್ಚಿ, ಬೇರೆಯಾಗುವ ದಿನ ಖಾಲಿ ಹೊಟ್ಟೆಯಲ್ಲಿರಬಾರದೆಂದು ಎರಡು ಒಲೆಯ ಮೇಲೂ ಒಟ್ಟಿಗೇ ಅಡುಗೆ ಮುಗಿಸಿದ್ದರು. ಹಿತ್ತಲಲ್ಲಿ ಪಾತ್ರೆಗಳು ಗೆರೆಯ ಆಚೆ ಈಚೆ ಎರಡು ಸಾಲಾಗಿ ನಿಂತಿದ್ದವು. ಟೈಲರಮ್ಮ ಒಂದು ಸಾಲಿನಲ್ಲಿ ಲೋಟ ಕಡಿಮೆಯಿದೆ ಎಂದು ಎಣಿಸಿ ಹೇಳಿದಳು.

ಆಗ ಹೊಗೆರಾಯ ಬಂದ. ಹಿಂದೆ ಡಾಕ್ಟರು, ಮರದ ಹಲಗೆಯೊಂದನ್ನು ಎದೆಗೆ ಅವಚಿಕೊಂಡು. ಹಲಗೆಯ ಮೇಲೆ ಹೊಳೆಯುವ ಏನೋ ಒಂದು. ಮಾವ ಒಂದು ಕ್ಷಣ ಡಾಕ್ಟರ ಹಿಂದೆ ಬಗ್ಗಿ ನೋಡಿದ. ಬಾಲ ಕಾಣಲಿಲ್ಲ.

"ಎಲ್ಲಾ ಸೇರಿದೀರಲ್ಲ, ಎಷ್ಟು ಸಂತೋಷ!" ಎಂದ ಹೊಗೆರಾಯ. ಪಾತ್ರೆಯ ಸಾಲು ನೋಡಿ, "ಗಾಳಿ ಹೊಡೆಯೋ ಕಡೆ ಲೋಟ ಇಡಬಾರದಿತ್ತು, ಅತ್ತಿಗೆ," ಎಂದು ಎರಡು ಪಕ್ಕಕ್ಕೆ ಸರಿಸಿದ.

"ನೋಡಿ, ಶುರು ಮಾಡಿದ," ಎಂದಳು ಅತ್ತಿಗೆ. "ಲೋಟದಿಂದಲೇ ಶುರು ಮಾಡಿದ."

ಅಷ್ಟರಲ್ಲಿ ಹಲಗೆ ಕಟ್ಟೆಯ ಮೇಲೆ ಕೂತಿತ್ತು. ಇಂಜಿನ್ನಿನ ಹಿಂದೆ ಒಂದು ಬೆರಳು ಜಾಗ ಬಿಟ್ಟು ಹೊಸ ಕೊಳವೆ. ಗಂಟೆಯ ಬಾಯಿಯಂತೆ ಅಗಲವಾಗಿ ಶುರುವಾಗಿ, ನಡುವೆ ಚೂಪು ತಗಡಿನ ಗೋಡೆಗೆ ತಾಗಿ ಎರಡಾಗಿ, ಒಂದು ಎಡಕ್ಕೂ ಒಂದು ಬಲಕ್ಕೂ ಮೆತ್ತಗೆ ಬಾಗಿತ್ತು. ಪ್ರತಿ ಬಾಯಿಯ ಮುಂದೆ ನೇತುಹಾಕಿದ ಒಂದು ಕಬ್ಬಿಣದ ತಟ್ಟೆ. ಗಾಳಿ ಎಷ್ಟು ನೂಕುತ್ತದೆಂದು ತೋರಿಸಲು ತಟ್ಟೆಗೆ ಕಟ್ಟಿದ ತಕ್ಕಡಿ.

"ಎಲ್ಲಾರೂ ಮುಂದ್ಗಡೆ ಬನ್ನಿ, ಹಿಂದೆ ನಿಲ್ಲಬೇಡಿ," ಎಂದರು ಡಾಕ್ಟರು.

ಮಾವ ಗಂಟಲು ಸರಿಮಾಡಿಕೊಂಡ. "ನೋಡಿ ಡಾಕ್ಟ್ರೇ, ಇದು ಮನೆಯವರ ವಿಷಯ. ಒಂದು ಹೊಟ್ಟೇಲಿ ಹುಟ್ಟಿದ ಇಬ್ಬರನ್ನ..."

ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಇಂಜಿನ್ ಮೊದಲು ಸೊಳ್ಳೆಯಂತೆ ಗುಂಯ್ಗುಟ್ಟಿತು. ಆಮೇಲೆ ಸಾವಿರ ಸೊಳ್ಳೆಯಾಯಿತು. ಆಮೇಲೆ ಆಕಾಶವನ್ನೇ ಯಾರೋ ಉದ್ದಕ್ಕೆ ಹರಿದಂತಾಯಿತು. ಎರಡು ಬಾಯಿಂದ ಬಿಸಿಗಾಳಿ ಹೊರಟಿತು. ಅಳತೆಗಾರನ ನಕ್ಷೆ ಎದ್ದು ಟೈಲರಮ್ಮನ ಕಿಟಕಿಗೆ ಹೋಯಿತು. ಪಾತ್ರೆಗಳು ಉರುಳಿ, ಆಚೆಯವು ಈಚೆಗೆ, ಈಚೆಯವು ಆಚೆಗೆ ಸೇರಿದವು. ಹಿತ್ತಲಿನ ಸೀಮೆಸುಣ್ಣದ ಗೆರೆ ಧೂಳಿನೊಂದಿಗೆ ಎದ್ದು ಹಾರಿಹೋಯಿತು.

ಈ ಗದ್ದಲದಲ್ಲಿ ಅಲುಗಾಡದೆ ನಿಂತವನು ಅಣ್ಣನೊಬ್ಬನೇ. ಅವನ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿತ್ತು. ಮೂವತ್ತು ವರ್ಷದ ಅಭ್ಯಾಸ. ಮುಳ್ಳು ಅಲುಗಿದರೆ ಅವನಿಂದ ಓದದೆ ಇರಲಾಗದು.

"ಎಡ ನಾಲ್ಕು ಕಿಲೋ!" ಎಂದು ಕೂಗಿದ. "ಬಲ ಮೂರೂವರೆ! ತೂಕ ಸರಿ ಇಲ್ಲ ಕಣೋ!"

ಡಾಕ್ಟರು ಇಂಜಿನ್ ನಿಲ್ಲಿಸಿದರು. ಕೊಳವೆ ಆರಿದ ಮೇಲೆ ಹೊಗೆರಾಯ ಸಣ್ಣ ಸುತ್ತಿಗೆಯಿಂದ ನಡುವಿನ ಗೋಡೆಯನ್ನು ಒಂದಿಷ್ಟು ಎಡಕ್ಕೆ ತಟ್ಟಿದ. "ಇನ್ನೊಂಚೂರು," ಎಂದ ಅಣ್ಣ, ತಾನೇ ಬಗ್ಗಿ ನೋಡಿ. ಇನ್ನೊಂಚೂರು ತಟ್ಟಿದ. ಮತ್ತೆ ಇಂಜಿನ್ ಕೂಗಿತು.

"ಎಡ ಮೂರು ಮುಕ್ಕಾಲು! ಬಲ ಮೂರು ಮುಕ್ಕಾಲು!" ಅಣ್ಣ ಎರಡು ಕೈ ಎತ್ತಿದ. "ಸಮ!"

ಡಾಕ್ಟರು ಅಣ್ಣನನ್ನು ಅಪ್ಪಿಕೊಂಡರು. "ನಾಲ್ಕು ವರ್ಷ ಸ್ವಾಮಿ! ನನ್ನ ವಿಮಾನ ಸಂಜೆ ಹಾರುತ್ತೆ!"

"ವಿಮಾನ?" ಎಂದ ಅಣ್ಣ. ಕೈ ಇಳಿಸಿದ. ಕೊಳವೆ ನೋಡಿದ, ತಮ್ಮನನ್ನು ನೋಡಿದ. "ನೀನು ಎರಡು ಮಾಡ್ಬೇಕು ಅಂತಿದ್ದದ್ದು ಇದನ್ನಾ?"

"ಇನ್ನೇನನ್ನ?" ಎಂದ ಹೊಗೆರಾಯ.

ಅವನು ಪಾತ್ರೆ ನೋಡಿದ. ಅಳತೆಗಾರನ ಟೇಪು ನೋಡಿದ. ಪಡಸಾಲೆಯ ಹೊಸ ಒಲೆ ನೋಡಿದ. ನಡುಮನೆಯೊಳಗೆ ಇನ್ನೂ ಅಳಿಯದೆ ಉಳಿದಿದ್ದ ಗೆರೆ ನೋಡಿದ. ಹೊಗೆರಾಯನ ತಲೆಗೆ ಸಂಗತಿಗಳು ಒಂದೊಂದಾಗಿಯೇ ಹೋಗಬೇಕು, ಒಟ್ಟಿಗೆ ಹೋದರೆ ಸಿಕ್ಕಿಕೊಳ್ಳುತ್ತವೆ. ಎಲ್ಲ ಒಳಗೆ ಹೋದ ಮೇಲೆ ಅವನು ನಡುಮನೆಗೆ ನಡೆದು, ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ನಾನು ಏಳಲ್ಲ," ಎಂದ. "ಅತ್ತಿಗೇ, ಇದನ್ನ ಒರೆಸೋವರೆಗೆ ನಾನು ಏಳಲ್ಲ."

"ಏಳದೆ ಹೇಗೋ ಒರೆಸೋದು, ಪೆದ್ದಾ!" ಎಂದಳು ಅತ್ತಿಗೆ. ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ಹೆಂಡತಿ ಒದ್ದೆ ಬಟ್ಟೆ ತಂದಳು. ಅಣ್ಣ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಒರೆಸಿದ.

ಅಳತೆಗಾರ ಮಾತ್ರ ಬೇಜಾರಿನಲ್ಲಿದ್ದ. "ಬಂದ ಮೇಲೆ ಏನಾದ್ರೂ ಬರೀಲೇಬೇಕಲ್ಲ," ಎಂದು ಗೊಣಗಿ ಬರೆದುಕೊಂಡ: "ಮನೆ ಒಂದು. ಭಾಗ ಇಲ್ಲ. ಹಿತ್ತಲಲ್ಲಿ ವಿಮಾನದ ಇಂಜಿನ್ ಒಂದು, ತೂಕ ಸರಿ ಇದೆ." ಮಾವ ತಾನು ಕೂತು ಮಾತಾಡಿಯೂ ಒಡೆಯದೆ ಉಳಿದ ಮೊದಲ ಮನೆ ಇದೆಂದು ಹೆಮ್ಮೆಯಿಂದ ಊಟಕ್ಕೆ ಕೂತ.

ಸಂಜೆ ವಿಮಾನ ಹಾರಿತು. ಅಡ್ಡ ತಿರುಗಲಿಲ್ಲ, ಬಾಲ ಸುಡಲಿಲ್ಲ. ಆಕಾಶದಲ್ಲಿ ಒಂದು ದೊಡ್ಡ ಸುತ್ತು ಹಾಕಿ, ಮನೆಗೆ ಬರುವ ಹಕ್ಕಿಯಂತೆ ನೆಲಕ್ಕಿಳಿಯಿತು. ಅಣ್ಣತಮ್ಮ ಮೈದಾನದ ಅಂಚಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ನೋಡಿದರು. ಭಗವಂತ ಅಂದು ಮೇಲಿನಿಂದ ಅದನ್ನು ಹತ್ತಿರದಲ್ಲೇ ನೋಡಿರಬೇಕು.

ಮರುದಿನ ಪಡಸಾಲೆಯ ಒಲೆಯನ್ನು ವಾಪಸು ಕೊಡಲು ಅಣ್ಣ ಹೊರಟ. ಓರಗಿತ್ತಿಯರು ಅಡ್ಡ ನಿಂತರು.

"ಒಲೆ ಇರ್ಲಿ," ಎಂದಳು ಅತ್ತಿಗೆ. "ಎರಡು ಒಲೆ ಇದ್ರೆ ಅರ್ಧ ಹೊತ್ತಲ್ಲಿ ಅಡುಗೆ ಮುಗಿಯುತ್ತೆ ಅಂತ ನಿನ್ನೆ ಗೊತ್ತಾಯ್ತು. ಒಳಗಡೆ ಪಕ್ಕಪಕ್ಕ ಇಡ್ತೀವಿ. ಹೊಗೆ ಮಾತ್ರ ನೀನು ನೋಡ್ಕೋಪ್ಪಾ."

ಹೊಸ ಒಲೆ ಒಳಗೆ ಬಂದ ಮೇಲೆ ಹೊಗೆರಾಯ ಅಡುಗೆಮನೆ ನೋಡಿದ. ಒಲೆಗಳೆರಡೂ ಎಡಗಡೆ. ಮಾಡಿನ ಕಿಂಡಿ ಬಲಗಡೆ. ಸ್ವಲ್ಪ ಹೊತ್ತು ನಿಂತಿದ್ದು, ಹಿತ್ತಲಿಗೆ ಹೋಗಿ, ಎರಡು ಕವಲೂ ಎಡಕ್ಕೇ ಬಾಗಿದ್ದ ಆ ಕೆಟ್ಟ ಕೊಳವೆಯನ್ನು ಹೊತ್ತು ತಂದ. ತಲೆಕೆಳಗು ಮಾಡಿ, ಅರ್ಧ ಸುತ್ತು ತಿರುಗಿಸಿ, ಬೆನ್ನು ಮುಂದಾಗಿ ಗೋಡೆಗೆ ಹಿಡಿದ. ಎರಡು ಬಾಯಿ ಎರಡು ಒಲೆಯ ಮೇಲೆ ಸರಿಯಾಗಿ ಕೂತವು. ಒಂಟಿ ಬಾಯಿ ಕಿಂಡಿಗೆ ಸರಿಯಾಗಿ ಸೇರಿತು. ಒಂದು ಮೊಳೆ ಹೊಡೆಯುವಷ್ಟೂ ವ್ಯತ್ಯಾಸವಿರಲಿಲ್ಲ.

"ಇದಕ್ಕೇ ಅಂತ ಮಾಡಿದ್ದೆಯಾ?" ಎಂದ ಅಣ್ಣ ಬೆರಗಾಗಿ.

ಹೊಗೆರಾಯ ಹೂಂ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಬಾಯಿ ತುಂಬ ಹತ್ತಿಯಿದ್ದವನಂತೆ ಒಂದು ಸದ್ದು ಮಾಡಿದ.

ಅಂದು ಮಧ್ಯಾಹ್ನ ಟೈಲರಮ್ಮ ಯಂತ್ರ ನಿಲ್ಲಿಸಿ ಕಿಟಕಿಯಿಂದ ಆ ಮನೆಯ ಮಾಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಅಳತೆ ಕೊಡಲು ಬಂದವಳಿಗೆ ಹೇಳಿದಳು:

"ಎರಡು ಒಲೆ ಹಾಕಿದ್ದು ನಾನೇ ನೋಡಿದೀನಿ ಕಣ್ರೀ. ಆದ್ರೆ ಹೊಗೆ ಒಂದೇ ಬರ್ತಿದೆ. ಪಾಪ, ಯಾರೋ ಒಬ್ಬರ ಮನೆಯವರು ಇವತ್ತು ಉಪವಾಸ."